ಮಗು ಹುಟ್ಟುವ ಮೊದಲೇ ಶುರು ಮಾಡಿ: ಸರ್ಕಾರದ ನೆರವು ಮನೆಗೆ ತಲುಪುವ ದಾರಿ

ಕರ್ನಾಟಕದಲ್ಲಿ ಮಗು ಹೊಟ್ಟೆಯಲ್ಲಿರುವಾಗಿಂದ ಹದಿನೆಂಟು ತುಂಬುವವರೆಗೆ ಒಂದು ಮನೆಗೆ ಸರ್ಕಾರದಿಂದ ಸಿಗಬಹುದಾದ ನೆರವು ಕಡಿಮೆ ಏನಿಲ್ಲ. ತೊಂದರೆ ಏನಂದ್ರೆ ಅದು ಒಂದೇ ಕಡೆ ಸಿಗುವುದಿಲ್ಲ. ಸ್ವಲ್ಪ ಅಂಗನವಾಡಿಯಲ್ಲಿ, ಸ್ವಲ್ಪ ಆಸ್ಪತ್ರೆಯಲ್ಲಿ, ಸ್ವಲ್ಪ ಕಾರ್ಮಿಕ ಇಲಾಖೆಯಲ್ಲಿ, ಇನ್ನು ಸ್ವಲ್ಪ ಜಿಲ್ಲಾ ಕೇಂದ್ರದಲ್ಲಿ ಯಾರೂ ಹೆಸರೇ ಕೇಳಿರದ ಒಂದು ಕಚೇರಿಯಲ್ಲಿ. ಯಾರೂ ಎಲ್ಲವನ್ನೂ ಒಟ್ಟಿಗೆ ಕೂತು ಹೇಳುವುದಿಲ್ಲ. ನಮ್ಮ ಬೀದಿಯವರಿಗೆ, ನೆಂಟರಿಗೆ ಅರ್ಜಿ ತುಂಬಿಕೊಡುತ್ತಾ ಬಂದಿದ್ದೇನೆ. ಪದೇ ಪದೇ ಕಂಡದ್ದು ಒಂದೇ. ಅರ್ಹತೆ ಇದ್ದವರಿಗೇ ಹಣ ಬಂದಿರುವುದಿಲ್ಲ. ಹೆಸರಿನ ಕಾಗುಣಿತ ಹೊಂದಿಲ್ಲ, ತಾರೀಖು ಮೀರಿದೆ, ಇಲ್ಲಾಂದ್ರೆ ಬ್ಯಾಂಕ್ ಖಾತೆಗೆ ಆಧಾರ್ ಸರಿಯಾಗಿ ಕೂತಿಲ್ಲ. ಈ ಮೂರನ್ನು ಮೊದಲೇ ಸರಿ ಮಾಡಿಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ. ಅದಕ್ಕೇ ಯೋಜನೆಗಳಿಗಿಂತ ಮೊದಲು ಕಾಗದದ ವಿಷಯ ಹೇಳುತ್ತೇನೆ.

ಮೊದಲು ಖಾತೆ

ಗರ್ಭಿಣಿ ಎಂದು ಗೊತ್ತಾದ ತಿಂಗಳಲ್ಲೇ ಮಾಡಬೇಕಾದ ಕೆಲಸ ಇದು. ತಾಯಿಯ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ಇರಬೇಕು. ಗಂಡನ ಜೊತೆಗಿನ ಜಂಟಿ ಖಾತೆ ಬೇಡ, ಅತ್ತೆಯ ಖಾತೆ ಬೇಡ. ಅವರದ್ದೇ ಖಾತೆ.

ಈಗ ಮುಖ್ಯವಾದ ಮಾತು. ಅರ್ಜಿಯ ಜೊತೆ ನೀವು ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿರಿ ಅನ್ನುವುದರ ಮೇಲೆ ಹಣ ಹೋಗುವುದಿಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ನಿಮ್ಮ ಆಧಾರ್ ನಂಬರಿಗೆ ಎದುರಾಗಿ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಎಲ್ಲಿ ಜೋಡಣೆ ಮಾಡಿಸಿದ್ದೀರೋ ಅದೇ ಉಳಿಯುತ್ತದೆ.

ನಮ್ಮ ನೆಂಟರ ಮನೆಯ ಹುಡುಗಿಯೊಬ್ಬಳಿಗೆ ಮಾತೃವಂದನಾ ಹಣ (ಗರ್ಭಿಣಿ, ಬಾಣಂತಿಯರಿಗೆ ಕೇಂದ್ರ ಕೊಡುವ ನೆರವು) ಬಂದೇ ಇಲ್ಲ ಎಂದು ಮನೆಯವರೆಲ್ಲ ಅಂಗನವಾಡಿ ಕಾರ್ಯಕರ್ತೆಯ ಮೇಲೆ ಸಿಟ್ಟಾಗಿದ್ದರು. ಆಕೆ ಪಾಪ ಮೊಬೈಲ್ ತೆಗೆದು ಪಾವತಿ ಆಗಿದೆ ಎಂದು ತೋರಿಸುತ್ತಿದ್ದರು. ಇವರು ಪಾಸ್‌ಬುಕ್ ತೆಗೆದು ಬಂದಿಲ್ಲ ಎಂದು ತೋರಿಸುತ್ತಿದ್ದರು. ಇಬ್ಬರು ಹೇಳಿದ್ದೂ ನಿಜವೇ. ಹುಡುಗಿ ಡಿಗ್ರಿ ಓದುವಾಗ ಸ್ಕಾಲರ್‌ಶಿಪ್‌ಗಾಗಿ ಬೇರೆ ಊರಿನ ಬೇರೆ ಬ್ಯಾಂಕಿನಲ್ಲಿ ತೆರೆದಿದ್ದ ಖಾತೆಗೇ ಹಣ ಹೋಗಿ ಕೂತಿತ್ತು. ಆ ಪಾಸ್‌ಬುಕ್ ಎಲ್ಲಿದೆ ಎಂದೇ ಯಾರಿಗೂ ನೆನಪಿರಲಿಲ್ಲ. ಇದು ಅಪರೂಪದ ಕತೆ ಅಲ್ಲ. ಮದುವೆಯಾಗಿ ಊರು ಬದಲಾದ ಹೆಣ್ಣುಮಕ್ಕಳಲ್ಲಿ ಇದು ತುಂಬಾ ಜಾಸ್ತಿ.

ನೋಡಿಕೊಳ್ಳುವುದು ಸುಲಭ. ಮೈ ಆಧಾರ್ ವೆಬ್‌ಸೈಟಿನಲ್ಲಿ ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬರುವ ಓಟಿಪಿ ಕೊಟ್ಟರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬಲ್ಲಿ ಬ್ಯಾಂಕಿನ ಹೆಸರು ಬರುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗ ನಿಮ್ಮ ಕೈಯಲ್ಲಿರಬೇಕು ಅಷ್ಟೇ. ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಾಯಿಸಿ. ಅಲ್ಲಿ ಹಳೆಯ ಬ್ಯಾಂಕಿನ ಹೆಸರು ಬಂತಾ? ಆ ಖಾತೆ ಬದುಕಿದ್ದರೆ ಹಾಗೇ ಬಿಡಿ, ಎಟಿಎಂ ಕಾರ್ಡ್ ಮಾಡಿಸಿಕೊಳ್ಳಿ. ಬೇಡ ಅನಿಸಿದರೆ ಈಗ ಬಳಸುವ ಬ್ಯಾಂಕಿಗೆ ಹೋಗಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ, ಎನ್‌ಪಿಸಿಐ ಮ್ಯಾಪಿಂಗ್ ಮಾಡಿ’ ಎಂದು ಬರೆದುಕೊಡಿ. ಡಿಬಿಟಿ ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದು. ‘ಆಧಾರ್ ಲಿಂಕ್ ಮಾಡಿ’ ಎಂದಷ್ಟೇ ಹೇಳಬೇಡಿ. ಕೆವೈಸಿಗೆ, ಅಂದರೆ ಗುರುತು ಖಚಿತಪಡಿಸಲು, ಆಧಾರ್ ಹಾಕಿಕೊಳ್ಳುವುದೇ ಬೇರೆ, ಸರ್ಕಾರದ ಹಣ ಬರಲು ಸೀಡಿಂಗ್ ಮಾಡುವುದೇ ಬೇರೆ. ಕೌಂಟರಿನಲ್ಲಿ ‘ಲಿಂಕ್ ಆಗಿದೆ ಹೋಗಿ’ ಅಂದರೂ ಮತ್ತೆ ವೆಬ್‌ಸೈಟಿನಲ್ಲಿ ನೋಡಿ. ಬ್ಯಾಂಕು ದೂರ ಇರುವ ಊರಲ್ಲಾದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಒಳ್ಳೆಯ ದಾರಿ.

ಜೋಡಣೆ ಒಮ್ಮೆ ಸರಿಯಾದ ಮೇಲೆ ಸುಮ್ನೆ ಹೊಸ ಖಾತೆಗಳನ್ನು ತೆರೆಯುತ್ತಾ ಹೋಗಬೇಡಿ. ತೆರೆಯುವಾಗ ಅವರು ಕೊಡುವ ಫಾರಂನಲ್ಲಿ ಡಿಬಿಟಿ ಇಲ್ಲಿಗೇ ಬರಲಿ ಎಂಬ ಒಪ್ಪಿಗೆಯ ಸಾಲು ಇರುತ್ತದೆ. ಓದದೆ ಸಹಿ ಹಾಕಿದರೆ ಹಣದ ದಾರಿ ಮತ್ತೆ ಬದಲಾಗುತ್ತದೆ.

ಆಮೇಲೆ ಹೆಸರು. ಆಧಾರ್, ಪಾಸ್‌ಬುಕ್, ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ ಬರೆಯುವ ಕಾರ್ಡ್), ರೇಷನ್ ಕಾರ್ಡ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ‘ಲಕ್ಷ್ಮೀ ಬಾಯಿ’, ಇನ್ನೊಂದರಲ್ಲಿ ‘ಲಕ್ಷ್ಮಿಬಾಯಿ’, ಮೂರನೆಯದರಲ್ಲಿ ಮುಂದೆ ಗಂಡನ ಹೆಸರು, ನಾಲ್ಕನೆಯದರಲ್ಲಿ ಅಪ್ಪನ ಹೆಸರು. ಹೀಗಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಎಲ್ಲದಕ್ಕೂ ಆಧಾರ್‌ನ ಹೆಸರೇ ಅಳತೆಗೋಲು. ಮಿಕ್ಕವನ್ನು ಅದಕ್ಕೆ ಹೊಂದಿಸಿ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಬರೆಯುವಾಗ ಬಾಯಲ್ಲಿ ಹೆಸರು ಹೇಳಬೇಡಿ, ಆಧಾರ್ ಕಾರ್ಡನ್ನೇ ಕೈಗೆ ಕೊಡಿ.

ಗರ್ಭಿಣಿಯಾಗಿರುವಾಗ

ತಾಯಿ ಕಾರ್ಡ್ ಸಿಗುವುದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಅಥವಾ ಕಿರಿಯ ಆರೋಗ್ಯ ಸಹಾಯಕಿಯ ಮೂಲಕ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ತಾಯಿ ಕಾರ್ಡ್ ಮಾಡಿಸಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ‘ನಾವು ಪ್ರೈವೇಟ್‌ಗೆ ಹೋಗ್ತೀವಿ, ನಮಗ್ಯಾಕೆ’ ಎಂದು ಬಿಟ್ಟವರು ಆಮೇಲೆ ಪರದಾಡುವುದನ್ನು ನೋಡಿದ್ದೇನೆ. ಮಾತೃವಂದನಾ ಅರ್ಜಿಗೆ ಕೊನೆಯ ಮುಟ್ಟಿನ ದಿನಾಂಕ, ತಪಾಸಣೆಯ ದಿನಾಂಕ, ಮಗುವಿನ ಲಸಿಕೆಯ ದಾಖಲೆ ಎಲ್ಲ ಬೇಕು. ಅವೆಲ್ಲ ಇರುವುದು ಆ ಕಾರ್ಡಿನಲ್ಲೇ. ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ಕೂಡ ಇಟ್ಟುಕೊಳ್ಳಿ.

ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆ 2017ರ ಜನವರಿ 1ರಿಂದ ಇದೆ. ಈಗ ನಡೆಯುತ್ತಿರುವುದು 2022ರ ಏಪ್ರಿಲ್‌ನಿಂದ ಬದಲಾದ ರೂಪ. ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. ಗರ್ಭಿಣಿಯಾಗಿ ನೋಂದಣಿ ಆಗಿ ಒಂದು ತಪಾಸಣೆ ಮುಗಿದ ಮೇಲೆ 3,000. ಹೆರಿಗೆಯಾಗಿ, ಜನನ ನೋಂದಣಿಯಾಗಿ, ಮಗುವಿಗೆ ಮೊದಲ ಸುತ್ತಿನ ಲಸಿಕೆ ಆದ ಮೇಲೆ 2,000. ಎರಡನೇ ಮಗು ಹೆಣ್ಣಾದರೆ ಒಂದೇ ಸಲ 6,000. ಎರಡನೆಯದು ಗಂಡಾದರೆ ಇಲ್ಲ. ಇದು ಹೆಣ್ಣುಮಗುವಿಗೆ ಮನೆಯಲ್ಲಿ ಮರ್ಯಾದೆ ಬರಲಿ ಎಂದು ಮಾಡಿದ್ದು. ಆದರೆ ಎರಡನೇ ಬಾಣಂತನದ ಖರ್ಚು ಗಂಡುಮಗುವಿನ ತಾಯಿಗೂ ಅಷ್ಟೇ ಅಲ್ವಾ? ಅವಳಿಗೂ ಏನಾದರೂ ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಯಾರಿಗೆ ಸಿಗುತ್ತದೆ ಎಂಬ ಪಟ್ಟಿ ಜನ ಅಂದುಕೊಂಡದ್ದಕ್ಕಿಂತ ದೊಡ್ಡದು. ಬಿಪಿಎಲ್ ಕಾರ್ಡ್ ಇದ್ದವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನರೇಗಾ ಜಾಬ್ ಕಾರ್ಡ್ ಇದ್ದವರು, ಇ-ಶ್ರಮ ಕಾರ್ಡ್ ಇದ್ದವರು, ಕಿಸಾನ್ ಸಮ್ಮಾನ್ ಪಡೆಯುವ ರೈತ ಮಹಿಳೆಯರು, ಆಯುಷ್ಮಾನ್ ಕಾರ್ಡಿನವರು, ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು. ಇದ್ಯಾವುದೂ ಇಲ್ಲದಿದ್ದರೂ ಕುಟುಂಬದ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಸಾಕು. ಇವುಗಳಲ್ಲಿ ಒಂದೇ ಒಂದು ದಾಖಲೆ ತೋರಿಸಿದರೆ ಆಯಿತು. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಇಲ್ಲ. ಗಂಡನ ಆಧಾರ್ ಕಡ್ಡಾಯ ಅಲ್ಲ. ಗಂಡ ಬಿಟ್ಟುಹೋದವರು, ಒಂಟಿಯಾಗಿರುವ ತಾಯಂದಿರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಯಾರಾದರೂ ‘ಯಜಮಾನರ ಆಧಾರ್ ತನ್ನಿ’ ಅಂದರೆ ಬೇಡ ಎಂದು ನಿಯಮದಲ್ಲೇ ಇದೆ ಎಂದು ಹೇಳಿ.

ಅರ್ಜಿ ಅಂಗನವಾಡಿಯಲ್ಲಿ. ನೀವೇ ಆನ್‌ಲೈನ್ ಕೂಡ ಹಾಕಬಹುದು. ಮಗು ಹುಟ್ಟಿ 270 ದಿನದ ಒಳಗೆ ಹಾಕಿರಬೇಕು, ಅದು ದಾಟಿದರೆ ಮುಗಿಯಿತು. ಆದರೆ ಅಷ್ಟು ದಿನ ಕಾಯುವುದು ಬೇಡ, ಗರ್ಭಿಣಿಯಾಗಿರುವಾಗಲೇ ಹೆಸರು ಬರೆಸಿ. ಎರಡನೇ ಮಗುವಿಗಂತೂ ಮೊದಲೇ ಬರೆಸಿಬಿಡಿ. ಗರ್ಭಪಾತವಾಗಿದ್ದರೆ ಅಥವಾ ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ ಮುಂದಿನ ಸಲ ಮತ್ತೆ ಹೊಸದಾಗಿ ಅರ್ಜಿ ಹಾಕಬಹುದು. ದುಃಖದಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಬಾಣಂತನ ತವರಲ್ಲಿ. ಕಲಬುರಗಿಯ ಮಗಳು ಗಂಡನ ಜೊತೆ ಬೆಂಗಳೂರಲ್ಲಿ ಇರುತ್ತಾಳೆ, ಏಳನೇ ತಿಂಗಳಿಗೆ ಊರಿಗೆ ಹೋಗುತ್ತಾಳೆ, ಮಗುವಿಗೆ ಐದು ತಿಂಗಳಾದ ಮೇಲೆ ವಾಪಸ್ ಬರುತ್ತಾಳೆ. ಒಂದು ಅಂಗನವಾಡಿಯಲ್ಲಿ ಮೊದಲ ಕಂತು, ಇನ್ನೊಂದು ಕಡೆ ಲಸಿಕೆ, ಮಧ್ಯದಲ್ಲಿ ಎರಡನೇ ಕಂತು ಕಾಣೆ. ಹೀಗಾಗದಂತೆ ನೋಡಿಕೊಳ್ಳಲು ತವರಿಗೆ ಹೊರಡುವ ಮೊದಲು ಮೊದಲ ಅಂಗನವಾಡಿಯ ಕಾರ್ಯಕರ್ತೆಯ ಫೋನ್ ನಂಬರ್ ತೆಗೆದುಕೊಳ್ಳಿ, ಅರ್ಜಿಯ ಸಂಖ್ಯೆ ಬರೆದುಕೊಳ್ಳಿ, ಹೋದ ಕಡೆ ಅಲ್ಲಿನ ಅಂಗನವಾಡಿಗೆ ಅದನ್ನು ತೋರಿಸಿ. ಎರಡೂ ಕಡೆ ಹೊಸ ಅರ್ಜಿ ಹಾಕಬೇಡಿ, ಒಂದೇ ಆಧಾರ್ ಎರಡು ಸಲ ಬಂದರೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಮುಂಬೈ, ಪುಣೆ, ಗೋವಾ ಕಡೆ ದುಡಿಯಲು ಹೋದ ನಮ್ಮವರಿಗೂ ಇದೇ ಮಾತು. ಇದು ಕೇಂದ್ರದ ಯೋಜನೆ, ರಾಜ್ಯ ಬದಲಾದರೂ ಹಕ್ಕು ಹೋಗುವುದಿಲ್ಲ.

ಅಂಗನವಾಡಿಯಲ್ಲಿ ಹಣ ಮಾತ್ರ ಅಲ್ಲ. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಇದೆ, ಅದು 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಶುರುವಾದದ್ದು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಸಿಗುತ್ತದೆ. ತಿಂಗಳ ಖರ್ಚಿನಲ್ಲಿ ಇದೂ ಲೆಕ್ಕಕ್ಕೆ ಬರುತ್ತದೆ, ಬಿಡಬೇಡಿ.

ಕೆಲಸಕ್ಕೆ ಹೋಗುವ ತಾಯಂದಿರು

ಸಂಬಳ ತಿಂಗಳಿಗೆ 21,000 ಅಥವಾ ಅದಕ್ಕಿಂತ ಕಡಿಮೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದರೆ 26 ವಾರಗಳ ಪೂರ್ತಿ ಸಂಬಳದಷ್ಟು ಹಣ ಇಎಸ್‌ಐನಿಂದಲೇ ಬರುತ್ತದೆ, ಮೊದಲ ಎರಡು ಮಕ್ಕಳಿಗೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇದು ಎಲ್ಲಕ್ಕಿಂತ ದೊಡ್ಡ ಮೊತ್ತ. ಮಾತೃವಂದನಾದ ಐದು ಸಾವಿರಕ್ಕೆ ಓಡಾಡಿ ಇದನ್ನು ಬಿಟ್ಟವರಿದ್ದಾರೆ. ಎಷ್ಟೋ ಕಡೆ ಹೊಟ್ಟೆ ಕಾಣುತ್ತಿದ್ದಂತೆ ‘ರಾಜೀನಾಮೆ ಕೊಟ್ಟು ಹೋಗಿ, ಆಮೇಲೆ ಬನ್ನಿ’ ಅನ್ನುತ್ತಾರೆ. ದಯವಿಟ್ಟು ರಾಜೀನಾಮೆ ಬರೆದುಕೊಡಬೇಡಿ. ರಜೆ ಎಂದೇ ಬರೆದುಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇಎಸ್‌ಐ ಇಲ್ಲದೆ, ಹತ್ತು ಜನ ಅಥವಾ ಹೆಚ್ಚು ಜನ ಇರುವ ಕಡೆ ಕೆಲಸ ಮಾಡುವವರಿಗೆ ಹೆರಿಗೆ ರಜೆಯ ಸಂಬಳ ಕೊಡುವುದು ಮಾಲೀಕರ ಹೊಣೆ. ಹೆರಿಗೆಗೆ ಮೊದಲಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು.

ಗಾರೆ ಕೆಲಸ, ಸೆಂಟ್ರಿಂಗ್, ಪೇಂಟಿಂಗ್, ಟೈಲ್ಸ್ ಕೆಲಸದವರ ಮನೆಯಾದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಬೇಕೇ ಬೇಕು. ವಯಸ್ಸು 18ರಿಂದ 60, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ. ಕಾರ್ಡ್ ಗಂಡನ ಹೆಸರಲ್ಲಿ ಮಾತ್ರ ಮಾಡಿಸಿ ಸುಮ್ಮನಾಗುವವರು ಜಾಸ್ತಿ. ಹೆಂಡತಿಯೂ ಇಟ್ಟಿಗೆ ಹೊರುತ್ತಾಳೆ, ಜಲ್ಲಿ ಹೊರುತ್ತಾಳೆ, ಅವಳ ಹೆಸರಲ್ಲೂ ಕಾರ್ಡ್ ಇರಲಿ. ಯಾಕಂದ್ರೆ ಹೆರಿಗೆಯ ನೆರವು ಕಾರ್ಡ್ ಇರುವ ಮಹಿಳೆಗೆ. ತಾಯಿ ಲಕ್ಷ್ಮಿ ಬಾಂಡ್ ಎಂದು ಮೊದಲ ಎರಡು ಮಕ್ಕಳಿಗೆ ತಲಾ 50,000 ರೂಪಾಯಿ. ಹೆರಿಗೆಯಾದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು. ಅದರ ಜೊತೆ ತಾಯಿ ಮಗು ಸಹಾಯ ಹಸ್ತ ಎಂದು ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ 6,000. ಆಮೇಲೆ ಮಕ್ಕಳ ಓದಿಗೆ ಕಲಿಕೆ ಭಾಗ್ಯ. ಕಾರ್ಡಿನ ಅವಧಿ ಮುಗಿಯುವ ಮೊದಲು ನವೀಕರಿಸಿ. ಕಟ್ಟಡ ಕೆಲಸವನ್ನೇ ಮಾಡದವರು ಏಜೆಂಟರಿಗೆ ಹಣ ಕೊಟ್ಟು ಕಾರ್ಡ್ ಮಾಡಿಸಿದ್ದು ತುಂಬಾ ನಡೆದಿದೆ, ಅಂಥ ಬೋಗಸ್ ಕಾರ್ಡ್‌ಗಳನ್ನು ಇಲಾಖೆ ರದ್ದು ಮಾಡುತ್ತಾ ಬಂದಿದೆ. ಅದರ ಬಿಸಿ ತಾಗುವುದು ನಿಜವಾಗಿ ಬಿಸಿಲಲ್ಲಿ ದುಡಿಯುವವರಿಗೆ, ಅವರ ಅರ್ಜಿಗೂ ನೂರು ಪ್ರಶ್ನೆ ಬರುತ್ತವೆ. ನಿಮ್ಮದಲ್ಲದ ಕಾರ್ಡ್ ದಯವಿಟ್ಟು ಮಾಡಿಸಬೇಡಿ.

ಹೆರಿಗೆ ಮತ್ತು ಮೊದಲ ತಿಂಗಳು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ, ಸಿಸೇರಿಯನ್ ಆದರೂ. ಔಷಧಿ, ರಕ್ತ, ತಪಾಸಣೆ, ಊಟ, ಮನೆಗೆ ವಾಪಸ್ ಬಿಡುವ ನಗು ಮಗು ವಾಹನ ಎಲ್ಲ ಅದರಲ್ಲೇ ಬಂತು. ಮಗುವಿಗೆ ಒಂದು ವರ್ಷದವರೆಗೆ ಕಾಯಿಲೆ ಬಂದರೆ ಅದರ ಚಿಕಿತ್ಸೆಯೂ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಎಂದು 2011ರಿಂದ ನಡೆಯುತ್ತಿದೆ. ಯಾರಾದರೂ ‘ಮಗು ಹುಟ್ಟಿದ ಖುಷಿಗೆ’ ಎಂದು ಕೈ ಚಾಚಿದರೆ ಕೊಡಬೇಕಾಗಿಲ್ಲ. ಇದರ ಜೊತೆ ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪಂಗಡದ ತಾಯಂದಿರಿಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ. ಚಿಕ್ಕ ಮೊತ್ತ, ಡಿಸ್ಚಾರ್ಜ್ ಆಗುವ ಮೊದಲೇ ಕೇಳಿಬಿಡಿ.

ಜನನ ಪ್ರಮಾಣಪತ್ರ 21 ದಿನದ ಒಳಗೆ ನೋಂದಣಿಯಾದರೆ ಖರ್ಚಿಲ್ಲ, ತಾಪತ್ರಯವೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅಲ್ಲೇ ನೋಂದಣಿ ಆಗುತ್ತದೆ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಆಗ ಅಲೆದಾಟ ಶುರು. ನಾಮಕರಣ ಆಗಿಲ್ಲ, ಹೆಸರು ಇಟ್ಟ ಮೇಲೆ ಮಾಡಿಸೋಣ ಎಂದು ತಡ ಮಾಡಬೇಡಿ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಹನ್ನೆರಡು ತಿಂಗಳ ಒಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನಾಂಕದ ದಾಖಲೆ ಇದೇ. ಹಾಗಾಗಿ ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಎಂದು ಕೈಗೆ ಬಂದ ಕೂಡಲೇ ಓದಿ. ಅದನ್ನು ಇಟ್ಟು ಮಗುವಿನ ಆಧಾರ್ ಮಾಡಿಸಿ, ಆಮೇಲೆ ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಿ. ಈ ಅನುಕ್ರಮ ತಪ್ಪಿದರೆ ಮುಂದಿನದು ಆಗುವುದೇ ಇಲ್ಲ. ಐದು ವರ್ಷಕ್ಕೂ ಹದಿನೈದು ವರ್ಷಕ್ಕೂ ಮಗುವಿನ ಬೆರಳಚ್ಚು ಅಪ್‌ಡೇಟ್ ಮಾಡಿಸಬೇಕು, ಇಲ್ಲಾಂದ್ರೆ ಸ್ಕಾಲರ್‌ಶಿಪ್ ಹೊತ್ತಿಗೆ ಆಧಾರ್ ಕೈಕೊಡುತ್ತದೆ.

ಹೆಣ್ಣುಮಗು ಹುಟ್ಟಿದರೆ

ಬಿಪಿಎಲ್ ಮನೆಯಾದರೆ ಭಾಗ್ಯಲಕ್ಷ್ಮಿ. 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಕ್ಕಳಿಗೆ, ಒಂದು ಮನೆಗೆ ಇಬ್ಬರವರೆಗೆ. ಮೊದಲು ಎಲ್‌ಐಸಿ ಬಾಂಡ್ ಕೊಡುತ್ತಿದ್ದರು. 2020-21ರಿಂದ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯ ಮೂಲಕ, ವರ್ಷಕ್ಕೆ 3,000ದಂತೆ 15 ವರ್ಷ ಸರ್ಕಾರವೇ ಕಟ್ಟುತ್ತದೆ. 21 ವರ್ಷಕ್ಕೆ ಸುಮಾರು 1.27 ಲಕ್ಷ ಸಿಗುತ್ತದೆ ಎಂಬುದು ಇಲಾಖೆಯ ಲೆಕ್ಕ. ಅರ್ಜಿ ಅಂಗನವಾಡಿಯಲ್ಲೇ. ಮೊದಲ ಹುಟ್ಟುಹಬ್ಬ ಬರುವುದರೊಳಗೆ ಮುಗಿಸಿ. ಲಸಿಕೆ ಹಾಕಿಸಿರಬೇಕು, ಶಾಲೆಗೆ ಕಳಿಸಬೇಕು, ಹದಿನೆಂಟರ ಒಳಗೆ ಮದುವೆ ಮಾಡಬಾರದು.

ಬಿಪಿಎಲ್ ಅಲ್ಲದವರು ತಾವೇ ಸುಕನ್ಯಾ ಸಮೃದ್ಧಿ ತೆರೆಯಬಹುದು. ಮಗಳಿಗೆ ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. 2024ರ ಜನವರಿಯಲ್ಲಿ ಬಡ್ಡಿ ಶೇಕಡಾ 8.2 ಆಯಿತು, ಮೂರು ತಿಂಗಳಿಗೊಮ್ಮೆ ಸರ್ಕಾರ ದರ ಘೋಷಿಸುತ್ತದೆ. ಇದು ನಿಮ್ಮ ಉಳಿತಾಯ, ಸಹಾಯಧನ ಅಲ್ಲ. ಹದಿನೆಂಟು ವರ್ಷವಾದ ಮೇಲೆ ಅಥವಾ ಹತ್ತನೇ ತರಗತಿ ಮುಗಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಸಾಲದಲ್ಲಿ ಇರುವ ಮನೆಯವರು ಮೊದಲು ಸಾಲ ತೀರಿಸಿ, ಇಲ್ಲಿ ವರ್ಷಕ್ಕೆ 250 ಹಾಕಿ ಖಾತೆ ಉಳಿಸಿಕೊಂಡರೆ ಸಾಕು.

ಗೃಹಲಕ್ಷ್ಮಿಯ 2,000 ರೂಪಾಯಿ ಮಗುವಿಗೆಂದು ಕೊಡುವುದಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಆ ಯೋಜನೆಯಲ್ಲಿ ಹಣ ಹೋಗುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ, ಅಂದರೆ ಕೂಡು ಕುಟುಂಬದಲ್ಲಿ ಅತ್ತೆಗೆ. ಆದರೂ ಎಷ್ಟೋ ಮನೆಗಳಲ್ಲಿ ಮಕ್ಕಳ ಹಾಲು, ಪುಸ್ತಕ, ಟ್ಯೂಷನ್ ನಡೆಯುತ್ತಿರುವುದು ಆ ಹಣದಲ್ಲೇ. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಸಿಗುವುದಿಲ್ಲ. ಯಜಮಾನಿ ತೀರಿಕೊಂಡಿದ್ದರೆ ರೇಷನ್ ಕಾರ್ಡಿನಲ್ಲಿ ಯಜಮಾನಿಯನ್ನು ಬದಲಾಯಿಸಿ ಹೊಸದಾಗಿ ನೋಂದಣಿ ಮಾಡಿಸಬೇಕು.

ತಿಂಗಳಿಗೆ 4,000: ಇದನ್ನು ದಯವಿಟ್ಟು ನಾಲ್ಕು ಜನಕ್ಕೆ ಹೇಳಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ. ಕಷ್ಟದಲ್ಲಿರುವ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮಗುವನ್ನು ಅನಾಥಾಲಯಕ್ಕೆ ಸೇರಿಸುವ ಪರಿಸ್ಥಿತಿ ಬಾರದೆ, ಮನೆಯಲ್ಲೇ ತನ್ನವರ ಜೊತೆ ಬೆಳೆಯಲಿ ಎಂಬುದು ಇದರ ಉದ್ದೇಶ. ಇದು ಬೇಕಾದವರಿಗೇ ಇದರ ಸುದ್ದಿ ಗೊತ್ತಿಲ್ಲ ಎಂಬುದು ನನಗೆ ತುಂಬಾ ನೋವಿನ ವಿಷಯ.

ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳು. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಅಜ್ಜಿ, ಚಿಕ್ಕಪ್ಪ, ಸೋದರಮಾವನ ಮನೆಯಲ್ಲಿ ಬೆಳೆಯುತ್ತಿರುವವರು. ಅಪ್ಪ ಅಥವಾ ಅಮ್ಮ ದೊಡ್ಡ ಕಾಯಿಲೆಯಿಂದ ಹಾಸಿಗೆ ಹಿಡಿದಿರುವ ಮನೆಯ ಮಕ್ಕಳು. ಅಪಘಾತವಾಗಿ ದುಡಿಯಲು ಆಗದವರ ಮಕ್ಕಳು. ಬಾಲಕಾರ್ಮಿಕರಾಗಿದ್ದು ಬಿಡಿಸಿಕೊಂಡು ಬಂದವರು, ಬಾಲ್ಯವಿವಾಹದಿಂದ ಪಾರಾದವರು. ಇಂಥವರಿಗೆಲ್ಲ ಇದು. ಕುಟುಂಬದ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ಮೀರಬಾರದು. ಶಾಲೆಗೆ ಹೋಗುವ ವಯಸ್ಸಿನ ಮಗು ಶಾಲೆಗೆ ಹೋಗುತ್ತಿರಬೇಕು. ಹದಿನೆಂಟು ತುಂಬುವವರೆಗೂ ಸಿಗಬಹುದು, ನಡುವೆ ನಡುವೆ ಪರಿಶೀಲನೆ ಇರುತ್ತದೆ.

ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇದೆ. ವಿಳಾಸ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಕೇಳಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ತೀರಿಕೊಂಡವರ ಮರಣ ಪ್ರಮಾಣಪತ್ರ ಅಥವಾ ಕಾಯಿಲೆಯ ವೈದ್ಯಕೀಯ ದಾಖಲೆ, ಮಗುವಿನ ಹೆಸರು ಸೇರಿದ ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಅವರು ಮನೆಗೆ ಬಂದು ನೋಡುತ್ತಾರೆ, ವರದಿ ಬರೆಯುತ್ತಾರೆ, ಆಮೇಲೆ ಸಮಿತಿಯ ಮುಂದೆ ಹೋಗುತ್ತದೆ. ಮನೆ ನೋಡಲು ಬಂದಾಗ ಸಂಕೋಚದಿಂದ ‘ಹೇಗೋ ನಡೀತಿದೆ’ ಅನ್ನಬೇಡಿ. ಅಜ್ಜಿಯಂದಿರು ಹಾಗೇ ಅನ್ನುತ್ತಾರೆ, ಕಷ್ಟ ಹೇಳಿಕೊಳ್ಳುವುದು ಅವಮಾನ ಎಂದು. ಬಾಡಿಗೆ ಎಷ್ಟು, ಔಷಧಿಗೆ ಎಷ್ಟು, ದುಡಿಯುವವರು ಯಾರು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆ ವರದಿಯ ಮೇಲೇ ಎಲ್ಲ ನಿಂತಿರುವುದು.

ಮಂಜೂರಾಗಲು ತಡವಾಗುತ್ತದೆ. ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಎಂದೂ ಹೇಳಲಾರೆ. ವಾಟ್ಸಾಪ್‌ನಲ್ಲಿ ಇದರ ಹೆಸರಲ್ಲಿ ಬರುವ ಫಾರಂಗಳನ್ನು ನಂಬಿ ಯಾರಿಗೂ ಹಣ ಕೊಡಬೇಡಿ, ಅರ್ಜಿಗೆ ಶುಲ್ಕವೇ ಇಲ್ಲ.

ಗಂಡ ತೀರಿಕೊಂಡ ತಾಯಿಗೆ ಇದರ ಜೊತೆ ವಿಧವಾ ವೇತನ ತಿಂಗಳಿಗೆ 800 ಇದೆ, ಅದು ನಾಡಕಚೇರಿಯಲ್ಲಿ. ಅಂಗವೈಕಲ್ಯ ಇರುವ ಮಗುವಾದರೆ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಶೇಕಡಾ 40 ದಾಟಿದರೆ ತಿಂಗಳಿಗೆ 800, 75 ದಾಟಿದರೆ 1,400 ಪಿಂಚಣಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವ ಮಕ್ಕಳಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ, ಆ ಮಕ್ಕಳ ಅಪ್ಪ ಅಮ್ಮನಿಗೆ ಅದೆಷ್ಟು ದೊಡ್ಡ ಆಸರೆ ಎಂದು ಅವರನ್ನೇ ಕೇಳಬೇಕು.

ಶಾಲೆಗೆ ಹೋಗುವ ಮಕ್ಕಳು

ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಬೇಕಾಗುವುದು ಮಗುವಿನ ಸ್ಯಾಟ್ಸ್ ನಂಬರ್ (ಶಾಲೆಯಲ್ಲಿ ಕೇಳಿದರೆ ಸಿಗುವ ವಿದ್ಯಾರ್ಥಿ ಸಂಖ್ಯೆ), ಅಪ್ಪ ಅಮ್ಮನ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್. ಜೂನ್‌ನಲ್ಲಿ ನಾಡಕಚೇರಿ ಮುಂದೆ ಜನಜಂಗುಳಿ. ಏಪ್ರಿಲ್‌ನಲ್ಲೇ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಇಲ್ಲಿ ಮಗುವಿನ ಆಧಾರ್‌ಗೇ ಬ್ಯಾಂಕ್ ಖಾತೆ ಜೋಡಣೆ ಆಗಿರಬೇಕು. ಹಾಸ್ಟೆಲ್ ಸಿಗದೆ ಹೊರಗೆ ಉಳಿದು ಓದುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ, ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳು. ಹಣ ಎಲ್ಲಿಗೆ ಬಂತು ಎಂದು ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಕಾಣುತ್ತದೆ, ರಾಜ್ಯದ ಬೇರೆ ಯೋಜನೆಗಳ ಹಣಕ್ಕೂ ಅದನ್ನೇ ನೋಡಿ. ಆರ್‌ಟಿಇ ಸೀಟಿನ ಮೇಲೆ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿನ ಮೇಲೆ, ಆಸೆ ಇಟ್ಟುಕೊಳ್ಳಬೇಡಿ. 2019ರ ತಿದ್ದುಪಡಿಯ ನಂತರ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ.

ಹಣ ಬರದಿದ್ದರೆ

ಮೊದಲು ಸೀಡಿಂಗ್ ನೋಡಿ. ಅದು ಸರಿ ಇದ್ದರೆ ಅರ್ಜಿಯ ಸಂಖ್ಯೆ ಹಿಡಿದು ಅಂಗನವಾಡಿಗೆ, ಅಲ್ಲಿಂದ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ. ಬಾಯಲ್ಲಿ ಕೇಳಿ ಬರಬೇಡಿ, ಒಂದು ಹಾಳೆಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬರೆದದ್ದಕ್ಕೆ ಉತ್ತರ ಕೊಡಲೇಬೇಕು. ಅಲ್ಲೂ ಆಗದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಅಂಗನವಾಡಿ ಕಾರ್ಯಕರ್ತೆಯ ಮೇಲೆ ರೇಗಬೇಡಿ. ಎಷ್ಟೋ ಸಲ ಅವರ ಕೈಯಲ್ಲಿ ಇರುವುದು ಬರೀ ಒಂದು ಫೋನ್, ಸರ್ವರ್ ಅವರ ಮಾತು ಕೇಳುವುದಿಲ್ಲ.

ಇನ್ನೊಂದು ವಿಷಯ. ಹಳೆಯ ಭಾಗ್ಯಲಕ್ಷ್ಮಿ ಬಾಂಡ್‌ಗಳ ಅವಧಿ ಈಗ ಮುಗಿಯುತ್ತಿದೆ. 2006ರಲ್ಲಿ ಹುಟ್ಟಿದ ಮೊದಲ ಮಕ್ಕಳಿಗೆ 2024ರಲ್ಲಿ ಹದಿನೆಂಟು ತುಂಬಿತು. ಆರಂಭದ ಆ ಬಾಂಡ್‌ಗಳಲ್ಲಿ ಮೊದಲ ಮಗುವಿಗೆ ಸಿಗುವುದು ಸುಮಾರು 34 ಸಾವಿರ, 2008ರ ಆಗಸ್ಟ್ ನಂತರ ಹುಟ್ಟಿದವರಿಗೆ ಒಂದು ಲಕ್ಷದಷ್ಟು. ಎಂಟನೇ ತರಗತಿ ಮುಗಿಸಿರಬೇಕು, ಮದುವೆ ಆಗಿರಬಾರದು. ಎಷ್ಟೋ ಮನೆಯಲ್ಲಿ ಈ ಬಾಂಡ್ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇರುತ್ತದೆ, ಮಗಳಿಗೆ ಗೊತ್ತೇ ಇರುವುದಿಲ್ಲ. ಹುಡುಕಿ ತೆಗೆಯಿರಿ. ಬಾಂಡ್, ಮಗಳ ಆಧಾರ್, ಅಂಕಪಟ್ಟಿ, ಅವಳ ಹೆಸರಿನ ಪಾಸ್‌ಬುಕ್ ಹಿಡಿದು ಅದೇ ಯೋಜನಾಧಿಕಾರಿ ಕಚೇರಿಗೆ ಹೋಗಿ. ಬಾಂಡ್ ಕಳೆದಿದ್ದರೂ ಅವರ ದಾಖಲೆಯಲ್ಲಿ ಮಗುವಿನ ಹೆಸರು ಇದೆಯಾ ನೋಡಲು ಹೇಳಿ. ಹೋಗುವಾಗ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಸಹಿ ಅವಳದ್ದೇ ಬೇಕು.